ತಿಕೋಟಾದಲ್ಲಿ ಮಂಗಳವಾಗದ ಭಜನೆ

ಸ್ಟೇಷನ್ ರಸ್ತೆಯ ಹಿಂದಿನ ಓಣಿ, ವಿಜಯಪುರ
೧೨ ಆಗಸ್ಟ್ ೨೦೨೫, ಮಂಗಳವಾರ

ಚಿ. ಸೌ. ಶಾಂಭವಿಗೆ ನಿನ್ನ ಮಾವ ಗುರುಪಾದಯ್ಯ ದೂರದಿಂದಲೇ ತಲೆ ಸವರಿ ಮಾಡುವ ಆಶೀರ್ವಾದ.

ಹೇಗಿದ್ದೀ ತಂಗಿ? ಕುತ್ತಿಗೆಯ ಹೊಲಿಗೆಯ ಗುರುತು ಈಗಲಾದರೂ ತುರಿಸುವುದು ಬಿಟ್ಟಿದೆಯೆ? ಮುಂಜಾನೆಯ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನುಂಗುತ್ತೀಯೋ, ಇಲ್ಲ ಚಹಾ ಕುಡಿದ ಮೇಲೆ ನೆನಪಾಗಿ ಹಣೆ ಬಡಿದುಕೊಳ್ಳುತ್ತೀಯೋ? ನಿಮ್ಮಪ್ಪನ ಮೊಣಕಾಲು ಹೇಗಿದೆ, ನಿನ್ನ ತಮ್ಮನ ಕೂಸು ಗೋಡೆ ಹಿಡಿದು ನಿಲ್ಲುತ್ತದೆಯೆ, ಬಬಲೇಶ್ವರದ ಕಡೆ ಮಳೆ ಆಯಿತೆ ಎಂದು ನಿನ್ನ ಅತ್ತೆ ಮಹಾನಂದಾ ಪಕ್ಕದಲ್ಲಿ ಕುಳಿತು ಒಂದೊಂದನ್ನೇ ಬರೆಸುತ್ತಿದ್ದಾಳೆ. ಅವಳು ಆರಾಮ. ನಿನ್ನ ಗಂಡ ಅರುಣಕುಮಾರ ಉಣ್ಣುತ್ತಾನೆ, ಅಂಗಡಿಗೆ ಹೋಗುತ್ತಾನೆ, ಸುಟ್ಟ ಮೋಟರುಗಳಿಗೆ ತಂತಿ ಸುತ್ತುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ನಾನೂ ಆರಾಮ, ಸಿಟ್ಟೊಂದನ್ನು ಬಿಟ್ಟರೆ. ಆ ಸಿಟ್ಟಿಗಾಗಿಯೇ ಈ ಪತ್ರ.

ಒಂದು ಬಸ್ಸು ಹತ್ತಿದರೆ ಬಬಲೇಶ್ವರ, ಎದ್ದು ಬರುವುದು ಬಿಟ್ಟು ಈ ಮುದುಕ ಪತ್ರ ಏಕೆ ಬರೆಯುತ್ತಾನೆ ಎಂದು ನೀನು ಕೇಳಬಹುದು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ ಮಾತಾಡಬೇಕು, ಮಾತಾಡಿದರೆ ನಿನ್ನ ಹೊಸ ದನಿ ನಿನ್ನ ಕಿವಿಗೇ ಬೀಳುತ್ತದೆ, ಅದು ನಿನಗೆ ಬೇಡ. ನಾನು ಹತ್ತು ಮಾತು ಟೈಪ್ ಮಾಡಿ ಕಳಿಸಿದರೆ ನೀನು ಒಂದು ಹೆಬ್ಬೆರಳು ಕಳಿಸುತ್ತೀ. ಆ ಹೆಬ್ಬೆರಳನ್ನು ಇಟ್ಟುಕೊಂಡು ನಾನೇನು ಮಾಡಲಿ? ಖುದ್ದಾಗಿ ಬಂದರೆ ಅದೂ ಸುಖವಿಲ್ಲ. ಸೆರಗು ಸರಿಮಾಡಿಕೊಂಡು ಚಹಾ ತಂದಿಟ್ಟು ಒಳಗೆ ಹೋಗಿಬಿಡುತ್ತೀ, ನಾನು ನಿಮ್ಮಪ್ಪನ ಜೊತೆ ಮಳೆಬೆಳೆ ಮಾತಾಡಿ ಬಂದ ದಾರಿ ಹಿಡಿಯಬೇಕು. ಪತ್ರವಾದರೆ ಉತ್ತರ ಕೊಡುವ ಕಾಟವಿಲ್ಲ, ಆದರೆ ಓದದೆ ಇಡಲೂ ನಿನ್ನಿಂದ ಆಗುವುದಿಲ್ಲ. ನಿನ್ನ ಸ್ವಭಾವ ನನಗೆ ಗೊತ್ತು. ಬಬಲೇಶ್ವರ ಬಸ್ಸಿನ ಕಂಡಕ್ಟರ್ ನನ್ನ ಕೈಕೆಳಗೆ ಕೆಲಸ ಕಲಿತವನು. ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ಸಿಟ್ಟು ನಿನ್ನ ಮೇಲಲ್ಲ. ನಿನ್ನ ಮೇಲೂ ಒಂದಿಷ್ಟು ಇದೆ, ಅದು ಆಮೇಲೆ. ಸಿಟ್ಟು ನಿಮ್ಮ ಭಜನಾ ಮೇಳದ ಮೇಲೆ. ನಿನ್ನೆ ಶ್ರಾವಣದ ಮೂರನೆಯ ಸೋಮವಾರ, ತಿಕೋಟಾದ ಬಸವಣ್ಣನ ಗುಡಿಯಲ್ಲಿ ನಮ್ಮವರ ಭಜನೆ ಇತ್ತು. ಮಿರಜದಲ್ಲಿ ನಿನ್ನ ಕುತ್ತಿಗೆಯ ಗಂಟು ತೆಗೆಸಿದ ಮೇಲೆ ಮೇಳ ಕೂತದ್ದು ಇದೇ ಮೊದಲು, ಅದೂ ನೀನಿಲ್ಲದೆ. ದನಿ ಕೆಳಗಿಳಿಯಿತು, ಇನ್ನು ಪದದ ಏರು, ಆ ಮೇಲಿನ ಸ್ವರ, ಮುಟ್ಟುವುದಿಲ್ಲ ಎಂದು ನೀನು ಯುಗಾದಿಗೆ ತವರಿಗೆ ಹೋದವಳು, ‘ನನ್ನ ಜಾಗಾಕ್ಕ ಬ್ಯಾರೇದವರನ್ನ ಕೂಡಿಸ್ರಿ’ ಎಂದು ಅರುಣನಿಗೆ ಮೆಸೇಜ್ ಹಾಕಿ ಸುಮ್ಮನಾದೆ. ಅವನು ಯಾರನ್ನೂ ಕೂಡಿಸಲಿಲ್ಲ, ಯಾವ ಊರಿನ ವೀಳ್ಯವನ್ನೂ ಹಿಡಿಯಲಿಲ್ಲ. ಆದರೆ ಶ್ರಾವಣದ ತಿಕೋಟಾ ತಪ್ಪಿಸುವ ಹಾಗಿರಲಿಲ್ಲ. ನಿನ್ನನ್ನು ಬಿಟ್ಟು ಮೇಳ ನಡೆಯುತ್ತದೋ, ಇಲ್ಲ ಅರುಣನ ಹಾರ್ಮೋನಿಯಂ ಪೇಟಿಗೆ ಬಟ್ಟೆ ಸುತ್ತಿ ಅಟ್ಟದ ಮೇಲೆ ಇಡುವುದೋ, ನಿನ್ನೆ ಗೊತ್ತಾಗಬೇಕಿತ್ತು. ಅಂಥ ದಿನವನ್ನು ಇವರು ಹೇಗೆ ಕೆಡಿಸಿದರು ಎಂಬುದನ್ನು ಕೇಳು.

ನಿನಗೇನು ಗೊತ್ತು, ನೀನು ಹಾಡಿದವನೇ ಎಂದು ಅರುಣ ಕೇಳುತ್ತಾನೆ. ಹಾಡಲು ನನಗೆ ಬರುವುದಿಲ್ಲ, ಒಪ್ಪಿದೆ. ಒಮ್ಮೆ ಕೈಗೆ ತಾಳ ಕೊಟ್ಟಿರಿ, ಎರಡನೆಯ ಪದಕ್ಕೇ ಕಸಿದುಕೊಂಡಿರಿ. ಆದರೆ ಕೇಳುವುದರಲ್ಲಿ ನನ್ನನ್ನು ಮೀರಿಸುವವನು ಈ ಭಾಗದಲ್ಲಿ ಇಲ್ಲ. ಹೊನವಾಡವಿರಲಿ ಬಿಜ್ಜರಗಿಯಿರಲಿ, ನಿಮ್ಮ ಒಂದು ಭಜನೆಯನ್ನೂ ತಪ್ಪಿಸಿದವನಲ್ಲ. ಬೇರೆ ಮೇಳದವರು ತತ್ವಪದವನ್ನು ಹಾಡಿ ಮುಗಿಸುತ್ತಾರೆ, ನೀವು ಪದದೊಳಗೆ ಹೊಕ್ಕು ಅಡ್ಡಾಡುತ್ತೀರಿ. ಪೇಟಿ ಒಂದು ಮಾತು ಎತ್ತಿದರೆ ಡೊಳ್ಳು ಅದಕ್ಕೆ ಎದುರು ಮಾತಾಡುತ್ತದೆ, ಒಂದು ಪದ ಮುಗಿಯುವ ಮೊದಲೇ ಇನ್ನೊಂದು ಪದ ಒಳಗಿಂದ ಇಣುಕುತ್ತದೆ. ಎಲ್ಲಿಗೆ ಹೊರಟಿದ್ದೇವೆ ಎಂದು ಗೊತ್ತಿಲ್ಲದೆ ಹೋಗುವುದರಲ್ಲೂ ಒಂದು ಸುಖವಿದೆ, ಕಡೆಗೆ ಊರು ಮುಟ್ಟಿಸುವವರು ಒಬ್ಬರು ಮುಂದೆ ಕೂತಿದ್ದರೆ. ಗಂಡಸರು ಎಷ್ಟೇ ಅಡ್ಡಾದಿಡ್ಡಿ ಅಲೆದರೂ ನೀನು ಏರು ಹಿಡಿದ ಕೂಡಲೇ ಎಲ್ಲರೂ ದಾರಿಗೆ ಬರುತ್ತಿದ್ದರು. ಮದುವೆಯಾದ ಹೊಸತರಲ್ಲಿ, ಅರುಣ ದಿನಕ್ಕೊಂದು ಕಡೆಯಿಂದ ಶ್ರುತಿ ಹಿಡಿಯುತ್ತಾನೆಂದು ಬೇಸತ್ತು, ನೀನು ಹಣೆಯ ಕೆಂಪು ಟಿಕಳಿಯನ್ನೇ ಕಿತ್ತು ಪೇಟಿಗೆ ಅಂಟಿಸಿದ್ದು ನೆನಪಿದೆಯೆ? ಪೇಟಿಯ ಒಂದೊಂದು ಪಟ್ಟಿಗೂ ನೀವು ಮನೆ ಎನ್ನುತ್ತೀರಲ್ಲ, ನಾಲ್ಕನೆಯ ಕಪ್ಪು ಪಟ್ಟಿ, ಆ ಕಪ್ಪು ನಾಲ್ಕರ ಮೇಲೆ ಟಿಕಳಿ ಒತ್ತಿ, ‘ಇದು ನನ್ನ ಮನಿ, ಇಲ್ಲಿಂದ ಹಿಡೀರಿ’ ಎಂದಿದ್ದೆ. ಆವತ್ತಿನಿಂದ ಮೇಳದ ಶ್ರುತಿ ಅದೇ. ಅಂಟು ಬಿಟ್ಟಾಗಲೆಲ್ಲ ಅಲ್ಲಿಗೆ ಹೊಸ ಟಿಕಳಿ ಬರುತ್ತಿತ್ತು.

ಇನ್ನು ನಿನ್ನೆಯ ಕಥೆ. ನಾಲ್ಕಕ್ಕೆ ಭಜನೆ ಎಂದು ಗುಡಿಯ ಮೈಕಿನಲ್ಲಿ ಮುಂಜಾನೆಯಿಂದ ಕೂಗಿಸಿದ್ದರು. ಜನ ಬಂದು ಜಮಖಾನೆಯ ಮೇಲೆ ಒತ್ತೊತ್ತಾಗಿ ಕುಳಿತರು. ಮೇಳದವರು ಬಂದರು, ನೀರು ಕುಡಿದರು, ವಾದ್ಯ ಸರಿಮಾಡಲು ಹಿಡಿದರು. ಸರಿಮಾಡಿದ್ದೇ ಮಾಡಿದ್ದು. ನನ್ನ ಕಂಡಕ್ಟರ್ ಸರ್ವಿಸಿನಲ್ಲಿ ಬಸ್ಸು ತಡವಾಗಿ ಬಿಟ್ಟದ್ದುಂಟು, ಆದರೆ ಜನ ಹತ್ತಿ ಕುಳಿತ ಮೇಲೆ ಡ್ರೈವರ್ ಬಾನೆಟ್ ತೆಗೆದು ನೋಡುತ್ತ ನಿಂತದ್ದು ಇಲ್ಲ. ಅಂತೂ ಗಣಸ್ತುತಿ ಎತ್ತಿದರು. ಎತ್ತಿದ ಕೂಡಲೇ ನನಗೆ ಏನೋ ಹೆಚ್ಚುಕಡಿಮೆ ಆಗಿದೆ ಎನಿಸಿತು. ಕೆಳಗೆ. ಎಲ್ಲವೂ ಕೆಳಗೆ. ನಿನ್ನ ಜೊತೆ ಹಿಂದಿನಿಂದ ಹಾಡುವ ಸಂಗೂನ ದನಿ ಗೊತ್ತಲ್ಲ, ಎತ್ತರದಲ್ಲಿ ತೆಳ್ಳಗೆ ಹರಿಯುವ ದನಿ. ಅದು ಬಾವಿಗೆ ಬಿದ್ದ ಕೊಡದೊಳಗಿಂದ ಬಂದ ಹಾಗೆ ಬಂತು. ಕೆಳಗಿನ ಸ್ವರ ಬಂದಾಗ ಬರೀ ತುಟಿ ಅಲ್ಲಾಡುತ್ತಿತ್ತು. ಮುಂದಿನ ಸಾಲಿನಲ್ಲಿ ಲಕ್ಕವ್ವ ಕೂತಿದ್ದಳು, ಮದುವೆಯಾಗಿ ತಿಕೋಟಾಕ್ಕೆ ಬಂದಾಗಿನಿಂದ ಆ ಗುಡಿಯ ಶ್ರಾವಣದ ಭಜನೆ ಬಿಡದ ಮುದುಕಿ. ಅವಳು ನನ್ನ ಕಡೆ ಹೊರಳಿ, ‘ಅಯ್ಯಾರ, ನಿಮ್ಮ ಮಗಗ ನೆಗಡಿ ಆಗೇತೇನ್ರಿ?’ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. ನಾನು ಕೇಳದವನ ಹಾಗೆ ಮೇಲೆ ತೊಲೆಯನ್ನು ನೋಡುತ್ತ ಕುಳಿತೆ.

ಪದಗಳನ್ನು ಹೊಂದಿಸಿದ ರೀತಿಯನ್ನು ಹೇಳಿದರೆ ನಿನಗೂ ಮೈ ಉರಿದೀತು. ಗುಬ್ಬಿ ಪದವನ್ನು ಎರಡನೆಯದಕ್ಕೇ ಹಾಡಿ ಮುಗಿಸಿದರು! ಜನ ಜೋಲಿ ಹೊಡೆಯುವ ಹೊತ್ತಿಗೆ ಎಬ್ಬಿಸಲು ಇಟ್ಟುಕೊಳ್ಳುವ ಪದ ಅದು. ಆಗಿನ್ನೂ ಯಾರಿಗೂ ನಿದ್ದೆ ಬಂದಿರಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿ ಹುರುಪಿಗೆ ಬಂದರು, ಬಂದ ಹುರುಪನ್ನು ಇವರು ಅಲ್ಲೇ ಮಲಗಿಸಿದರು. ಹಿಂದೆಯೇ ಬೀಸುಕಲ್ಲಿನ ಪದ, ಅದರ ಬಾಲ ಹಿಡಿದು ಕಂಬಳಿ ಪದ, ಅದರ ಬೆನ್ನಿಗೆ ಎಣ್ಣೆ ತೀರಿದ ದೀಪದ ಪದ. ಮೂರೂ ನಿಧಾನ, ಮೂರೂ ಸಂಸಾರ ಸಾಕು ಎನ್ನುವಂಥವು. ಸಂಸಾರ ಸಾಕು ಎಂದು ಒಮ್ಮೆ ಹೇಳಿದರೆ ಜನ ತಲೆದೂಗುತ್ತಾರೆ, ಮೂರು ಸಲ ಹೇಳಿದರೆ ಮನೆಯಲ್ಲಿ ಹಾಲು ಕಾಯಿಸುವುದು ನೆನಪಾಗುತ್ತದೆ. ನಿಮ್ಮ ಮೇಳ ಒಂದರಿಂದ ಇನ್ನೊಂದಕ್ಕೆ ಜಾರುವುದು ಚೆಂದವೇ, ಆದರೆ ಜಾರಿದ ಮೇಲೆ ಬೇರೆ ಕಡೆಗೆ ಬಂದಿದ್ದೇವೆ ಎಂದಾದರೂ ಗೊತ್ತಾಗಬೇಕಲ್ಲ? ಇವರು ಇದ್ದಲ್ಲೇ ಜಾರುತ್ತಿದ್ದರು. ಅರುಣ ಪೇಟಿಯ ಮೇಲೆ ಏನನ್ನೋ ಹುಡುಕುತ್ತಿದ್ದವನ ಹಾಗೆ ಬೆರಳಾಡಿಸುತ್ತಿದ್ದ. ಸಿಕ್ಕಿದ ಹಾಗೆ ಕಾಣಲಿಲ್ಲ.

ನಡುವೆ ಶಿವಾಜಿಯ ಡೊಳ್ಳು. ಬಿಜ್ಜರಗಿಯಲ್ಲಿ ಕುರಿ ಕಾಯುವಾಗ ಹೊಲಕ್ಕೆಲ್ಲ ಕೇಳುವ ಹಾಗೆ ಬಾರಿಸಿ ರೂಢಿ ಅವನಿಗೆ, ಕೈ ಒಳ್ಳೆಯದು, ಬೇಡ ಎನ್ನುವುದಿಲ್ಲ. ಆದರೆ ಕಂಬಳಿ ಪದದಲ್ಲಿ ಆ ಮುದುಕ ತನ್ನ ಕಂಬಳಿಯನ್ನೂ ಬಿಟ್ಟು ಬರಿಮೈಯಲ್ಲಿ ಹೊರಡುತ್ತಾನಲ್ಲ, ಎಲ್ಲರ ಕಣ್ಣು ಹನಿಗೂಡುವ ಜಾಗ, ಅಲ್ಲಿ ಇವನು ಡೊಳ್ಳು ಎತ್ತಿಕೊಂಡ. ಕಣ್ಣು ಮುಚ್ಚಿದ, ಕತ್ತು ಕುಣಿಸಿದ, ನಾವೆಲ್ಲ ಇದ್ದೇವೆ ಎಂಬುದನ್ನೇ ಮರೆತ. ಕಂಬಳಿ ಬಿಟ್ಟ ಮುದುಕನಿಗೆ ಮದುವೆ ದಿಬ್ಬಣ ಬಂದ ಹಾಗಾಯಿತು. ನನಗೆ ತಡೆಯಲಾಗಲಿಲ್ಲ. ರಿಟೈರ್ ಆದರೂ ಬಾಯಿಯ ಚಾಳಿ ಹೋಗುವುದಿಲ್ಲ ನೋಡು, ‘ರೈಟ್, ರೈಟ್!’ ಎಂದು ಕೂಗಿಬಿಟ್ಟೆ. ಮುಂದೆ ಹೋಗಲಿ ಎಂದು ನನ್ನ ಅರ್ಥ. ಶಿವಾಜಿ ಅದನ್ನು ಶಾಬಾಸ್ ಎಂದು ತಿಳಿದುಕೊಂಡು ನನ್ನ ಕಡೆ ನಕ್ಕು ಇನ್ನೂ ಜೋರಾಗಿ ಬಾರಿಸಿದ. ಜನರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು.

ಇಷ್ಟನ್ನೆಲ್ಲ ಸಹಿಸಬಹುದಿತ್ತು, ಹಗ್ಗದ ಪದ ಹಾಡಿದ್ದರೆ. ಜನ ಕೇಳಿದರು, ಒಬ್ಬರಲ್ಲ, ಹಿಂದಿನಿಂದ ಗಂಡಸರು, ಕಂಬದ ಬಳಿಯ ಹೆಂಗಸರು, ‘ಹಗ್ಗದ ಪದಾ ಹಾಡ್ರಿ, ಹಗ್ಗದ ಪದಾ!’ ಎಂದು. ‘ಹಗ್ಗ ಸಾಲದ ಬಾವಿಗೆ ಕೊಡವ ಬಿಟ್ಟೆನವ್ವಾ’ ಎಂದು ನೀನು ಕೆಳಗಿಂದ ಎತ್ತಿ, ‘ಸಾಲದವ್ವಾ’ ಎಂಬಲ್ಲಿ ಮೇಲೆ ಹೋಗಿ ನಿಂತಾಗ ಟಿಕೆಟ್ ಹರಿಯುವ ಕೈಗಳೂ ನಿಂತದ್ದನ್ನು ನಾನು ಹೊನವಾಡದ ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದೇನೆ. ಆ ಪದವಿಲ್ಲದೆ ನಿಮ್ಮ ಭಜನೆ ಬೆಲ್ಲವಿಲ್ಲದ ಹೋಳಿಗೆ. ಅರುಣ ಕೇಳಿಸಿಕೊಂಡ. ತಲೆ ಎತ್ತಲಿಲ್ಲ. ಇನ್ನೊಂದು ನಿಧಾನದ ಪದ ಹಿಡಿದ. ಸಂಗೂಗಾದರೂ ಹಾಡಲು ಬಿಡಬಹುದಿತ್ತು, ಎತ್ತರದ ಶ್ರುತಿಯಲ್ಲಿ ಅವನು ಹೇಗೋ ಒಂದು ರೀತಿ ಏರುತ್ತಾನೆ. ಅದನ್ನೂ ಮಾಡಲಿಲ್ಲ.

ಈಗ ನಿನ್ನ ಮೇಲಿನ ತಕರಾರು. ನೀನಿಲ್ಲವೆಂದು ನಿನ್ನನ್ನು ಹೊಗಳಿ ಅಟ್ಟಕ್ಕೇರಿಸುವವನು ನಾನಲ್ಲ. ಆ ‘ಸಾಲದವ್ವಾ’ವನ್ನು ನೀನು ಒಳ್ಳೆಯ ದಿನಗಳಲ್ಲೂ ತುಸು ಹೆಚ್ಚೇ ಎಳೆಯುತ್ತಿದ್ದೆ. ಮೇಲೆ ಹೋಗಿ ನಿಂತರೆ ಇಳಿಯುವ ಮನಸ್ಸೇ ಇರುತ್ತಿರಲಿಲ್ಲ. ಜನ ಬಾಯಿ ತೆರೆದು ನೋಡುತ್ತಿದ್ದರು, ಅದು ನಿಜ. ಆದರೆ ನಿನ್ನ ಮಾವನಿಗೆ ಬೇಕಾಗಿದ್ದದ್ದು ಆಮೇಲಿನದು. ಇಳಿದು ಬರುವಾಗ ‘ಕೊಡವ ಬಿಟ್ಟೆನವ್ವಾ’ ಎಂಬುದನ್ನು ನೀನು ಮೆಲ್ಲಗೆ, ಮನೆಯಲ್ಲಿ ಯಾರಿಗೋ ಹೇಳಿದ ಹಾಗೆ ಹೇಳುತ್ತಿದ್ದೆ. ನಾನು ಊರೂರು ಅಲೆದು ಬರುತ್ತಿದ್ದದ್ದು ಆ ಇಳಿಯುವುದನ್ನು ಕೇಳಲು. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ, ಮಾವ ಸೊಸೆಗೆ ಹೇಳುವ ಮಾತೂ ಅಲ್ಲ ಎನಿಸಿತ್ತು. ಏರು ಹೋಯಿತು ಎಂದು ಅಳುತ್ತ ಕುಳಿತಿದ್ದೀಯಲ್ಲ, ಇಳಿಯುವುದನ್ನು ಯಾವ ಡಾಕ್ಟರೂ ಕೊಯ್ದಿಲ್ಲ.

ಇನ್ನು ಎಲ್ಲಕ್ಕಿಂತ ದೊಡ್ಡ ತಪ್ಪು. ಕಡೆಯ ಪದ ಮುಗಿಯಿತು. ದೀಪ ಹಚ್ಚುವ ಹೊತ್ತು. ಪೂಜಾರಿ ಸಿದ್ದರಾಯ ಆರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ನಿಂತ, ಜನ ಮಂಗಳಕ್ಕೆ ಕೈಜೋಡಿಸಿದರು. ಮಂಗಳ ಯಾವಾಗಲೂ ನಿನ್ನದು, ತಿಕೋಟಾದಲ್ಲಂತೂ ನೀನೇ ಹಾಡಬೇಕು. ನೀನಿಲ್ಲ, ಸರಿ, ಯಾರೋ ಒಬ್ಬರು ಹಾಡಿ ಮುಗಿಸಬೇಕಲ್ಲ? ಸಂಗು ಗಂಟಲು ಸರಿಮಾಡಿಕೊಂಡು ಎತ್ತಲು ಹೋದ. ಅರುಣ ಅವನ ಮೊಣಕಾಲ ಮೇಲೆ ಕೈಯಿಟ್ಟು ‘ಬ್ಯಾಡ’ ಎಂದ. ಪೇಟಿಗೆ ಗಾಳಿ ಹಾಕುವುದನ್ನೂ ನಿಲ್ಲಿಸಿದ. ಕರ್ಪೂರ ಉರಿದು ಮುಗಿಯಿತು. ಸಿದ್ದರಾಯ ಇನ್ನೊಂದು ಹಚ್ಚಿದ, ಅದೂ ಮುಗಿಯಿತು. ಮಂಗಳವಾಗದೆ ಭಜನೆಯಿಂದ ಏಳುವುದೆಂದರೆ ಪಂಕ್ತಿಯ ಊಟದಲ್ಲಿ ಅರ್ಧಕ್ಕೆ ಎಲೆ ಬಿಟ್ಟು ಎದ್ದ ಹಾಗೆ, ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಯಾರೂ ಏಳಲಿಲ್ಲ. ಮೇಳದವರು ಜನರನ್ನು ನೋಡುತ್ತ ಕುಳಿತರು, ಜನ ಮೇಳದವರನ್ನು ನೋಡುತ್ತ ಕುಳಿತರು. ಹೊನವಾಡದ ಬಸ್ಸು ರಸ್ತೆಯಲ್ಲಿ ಹಾರ್ನ್ ಹಾಕಿ ಹಾಕಿ ಹೋಯಿತು, ಅದಕ್ಕೆ ಹೋಗಬೇಕಾದವರೂ ಕೂತೇ ಇದ್ದರು. ನನಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತ್ತು.

ಕಡೆಗೆ ಮಾನ ಕಾಯ್ದವಳು ಲಕ್ಕವ್ವ. ಮೊಣಕಾಲಿಗೆ ಕೈಯೂರಿ ಎದ್ದು, ಕೈಯಲ್ಲಿದ್ದ ಎಲೆಯಡಿಕೆ ಚೀಲವನ್ನು ತಾನು ಕುಳಿತಿದ್ದ ಜಾಗದಲ್ಲೇ ಇಟ್ಟು, ‘ಚಾ ಕುಡದ ಬರ್ತೀವೆಪಾ. ನಾವು ಬರೂತನಕಾ ಪೇಟಿ ಮುಚ್ಚಬ್ಯಾಡ್ರಿ’ ಎಂದಳು. ಅಷ್ಟು ಸಾಕಾಯಿತು. ಎಲ್ಲರಿಗೂ ಒಮ್ಮೆಗೇ ಚಹಾದ ನೆನಪಾಯಿತು. ಒಬ್ಬ ಟವೆಲ್ ಇಟ್ಟ, ಇನ್ನೊಬ್ಬ ಟೋಪಿ ಇಟ್ಟ, ಪರಸವ್ವ ಎಂಬವಳು ಕೂಸಿನ ತಲೆಯ ಕುಂಚಿಗೆ ತೆಗೆದು ಇಟ್ಟಳು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುತ್ತಾರಲ್ಲ, ಹಾಗೆ ಎಲ್ಲರೂ ತಮ್ಮ ತಮ್ಮ ಜಾಗ ಹಿಡಿದಿಟ್ಟು, ‘ಬಂದ್ವಿ, ಈಗ ಬಂದ್ವಿ’ ಎನ್ನುತ್ತ ಹೊರಗೆ ಹೋದರು. ಯಾರೂ ಮರಳಿ ಬರಲಿಲ್ಲ. ಭಜನೆ ಮುಗಿಯಿತು ಎಂದೂ ಯಾರೂ ಹೇಳಲಿಲ್ಲ. ಲೆಕ್ಕದ ಪ್ರಕಾರ ಇಡೀ ತಿಕೋಟಾ ನಿನ್ನೆಯಿಂದ ಚಹಾ ಕುಡಿಯುತ್ತಿದೆ. ಇವತ್ತು ಮುಂಜಾನೆ ಸಿದ್ದರಾಯ ಫೋನ್ ಮಾಡಿ, ‘ಅಯ್ಯಾರ, ಟವೆಲ್ ಯಾವಾಗ ತಗೀತಾರ್ರಿ? ಕಸಾ ಹೊಡ್ಯಾಕ ಆಗವಲ್ದು’ ಎಂದ. ಇವತ್ತಿನ ವಾರಕ್ಕಾದರೂ ಮಂಗಳ ಬಂದಿದೆ, ಭಜನೆಗೆ ಬಂದಿಲ್ಲ ಎಂದೆ.

ಜನ ಹೊರಗೆ ಹೋದ ಕೂಡಲೇ ನಾನು ಅರುಣನ ಹತ್ತಿರ ಹೋದೆ. ಬೈಯಬೇಕಾದದ್ದನ್ನೆಲ್ಲ ಕಂಬಳಿ ಪದದಿಂದಲೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಎದುರಿಗೆ ಕುಳಿತು, ಮೊದಲು ಆ ಕೆಳಗಿನ ಶ್ರುತಿಯಿಂದಲೇ ಶುರು ಮಾಡೋಣ ಎಂದು ಪೇಟಿಯ ಕಡೆ ಬೆರಳು ಮಾಡಿದೆ. ಬೆರಳು ಅಲ್ಲೇ ನಿಂತಿತು. ಕಪ್ಪು ನಾಲ್ಕರ ಮೇಲೆ ಬರೀ ಅಂಟಿನ ಗುರುತು. ಟಿಕಳಿ ಇರಲಿಲ್ಲ. ಅದು ಕೆಳಗೆ ಕಪ್ಪು ಎರಡರ ಮೇಲೆ ಇತ್ತು. ನೀನು ಮನೆ ಬಿಟ್ಟೆ, ನಿನ್ನ ಟಿಕಳಿಯೂ ಮನೆ ಬದಲಿಸಿತ್ತು. ಇದೇನೋ ಎಂದು ಕೇಳಿದೆ. ಅವನು ನನ್ನ ಮುಖ ನೋಡದೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: ‘ಹೋದ ತಿಂಗಳ ಗುಳಿಗಿ ಕೊಡಾಕ ಬಬಲೇಶ್ವರಕ್ಕ ಹೋಗಿದ್ನೆಲ್ಲಪ್ಪಾ, ಅಕಿ ಒಳಗ ರೊಟ್ಟಿ ಬಡಕೋತ ಹಾಡಾಕತ್ತಿದ್ಳು. ನಾ ಬಂದದ್ದು ಅಕಿಗಿ ಗೊತ್ತಿದ್ದಿಲ್ಲ. ಹಗ್ಗದ ಪದಾನ. ಏರೂ ಹಾಡಿದ್ಳು, ಪೂರಾ. ಅಲ್ಲೇ ಬಾಗಿಲದಾಗ ನಿಂತು ಫೋನಿನಾಗ ಶ್ರುತಿ ನೋಡಿದೆ. ಕಪ್ಪು ಎರಡು. ನಾವ ಕೆಳಗಿಳೀತೀವಿ, ಅಕಿ ಯಾಕ ಏರಬೇಕು?’

ಕಣ್ಣಲ್ಲಿ ನೀರು ಬಂತು ತಂಗಿ, ಬಂದದ್ದನ್ನು ಬಂತು ಎಂದೇ ಬರೆಯುತ್ತೇನೆ. ಅಂಗಡಿಯ ಬಾಗಿಲು ಹಾಕಿಕೊಂಡು ಈ ಗಂಡಸರು ಆವತ್ತಿನಿಂದ ದಿನಾ ಆ ಶ್ರುತಿಯಲ್ಲಿ ಕೂರುವುದನ್ನು ಕಲಿತಿದ್ದಾರೆ. ಸಂಗೂನ ದನಿ ಅಲ್ಲಿ ಸಾಯುತ್ತದೆ ಎಂದು ಅವನಿಗೂ ಗೊತ್ತು, ಆದರೂ ಒಪ್ಪಿದ್ದಾನೆ. ಹಗ್ಗದ ಪದವನ್ನೂ ಮಂಗಳವನ್ನೂ ಬಿಟ್ಟದ್ದು ಬರದೆ ಅಲ್ಲ, ಅವು ನಿನ್ನವು ಎಂದು. ಹಾಗಾದರೆ ಅವಳಿಗೆ ಹೇಳಬಾರದೇನೋ ಎಂದು ಕೇಳಿದೆ. ‘ಕದ್ದು ಕೇಳೀರಿ ಅಂತ ಸಿಟ್ಟಿಗೇಳತಾಳ. ನೀನೂ ಹೇಳಬ್ಯಾಡಪ್ಪಾ’ ಎಂದ. ನಾನು ಹೂಂ ಎಂದಿದ್ದೆ. ಈಗ ಹೇಳಿದ್ದೇನೆ. ಸಿಟ್ಟಿಗೇಳುವುದಿದ್ದರೆ ಅವನ ಎದುರಿಗೆ ಬಂದು ಸಿಟ್ಟಿಗೇಳು, ಅದಕ್ಕಾದರೂ ಬಾಯಿ ತೆರೆದೀಯ.

ಹಾಗೆಂದು ನಾನು ನನ್ನ ಮಾತು ಹಿಂತೆಗೆದುಕೊಂಡಿಲ್ಲ. ಹೆಂಡತಿಯ ಮೇಲೆ ಪ್ರೀತಿ ಇದೆ ಎಂದು ಮೂರು ನಿಧಾನದ ಪದಗಳನ್ನು ಒಂದರ ಹಿಂದೊಂದು ಹಾಡಬಹುದು ಎಂದು ಯಾವ ಶಾಸ್ತ್ರದಲ್ಲೂ ಇಲ್ಲ. ಗುಬ್ಬಿ ಪದ ಎರಡನೆಯದಲ್ಲ, ಅದು ನಡುವೆ ಬರಬೇಕು. ಶಿವಾಜಿಯ ಡೊಳ್ಳಿಗಂತೂ ಕ್ಷಮೆಯೇ ಇಲ್ಲ, ಅದರಲ್ಲಿ ನಿನ್ನದೇನೂ ಪಾಲಿಲ್ಲ, ಅದು ಪೂರ್ತಿ ಅವನ ಕೊಬ್ಬು. ಆ ಕೆಳಗಿನ ಶ್ರುತಿಯಲ್ಲಿ ನಿನ್ನ ಜಾಗದಲ್ಲಿ ದನಿಯೇ ಇಲ್ಲದೆ, ಗೋಡೆ ಇಲ್ಲದ ಕಡೆ ಮೊಳೆ ಹೊಡೆದ ಹಾಗೆ ಎರಡು ತಾಸು ಹಾಡಿದರಲ್ಲ, ಅದನ್ನು ಕೇಳಿದ ನಮಗೆ ಸರಕಾರ ಏನಾದರೂ ಪರಿಹಾರ ಕೊಡಬೇಕು. ನಿನ್ನ ಗಂಡನಿಗೆ ಇದನ್ನೆಲ್ಲ ತಿಳಿಹೇಳುವವಳು ನೀನೊಬ್ಬಳೇ. ನನ್ನ ಮಾತು ಅವನಿಗೆ ತಾಳ ತಪ್ಪಿದವನ ಮಾತು.

ಇನ್ನೂ ಬರೆಯುವವನಿದ್ದೆ. ಮಹಾನಂದಾ ಇಣುಕಿ ನೋಡಿ, ‘ಬಾ ಅಂತ ಒಂದ ಮಾತ ಬರದ್ರ ಮುಗೀತಿತ್ತು. ಮಗನ ಮ್ಯಾಲ ಸಿಟ್ಟಾಗ್ತೀರಿ, ನಿಮ್ಮ ಪತ್ರಕ್ಕಾದ್ರೂ ಮಂಗಳ ಐತೇನು?’ ಎಂದಳು. ಅವಳು ಹೇಳುವುದೂ ಸರಿಯೇ, ಆದರೆ ಅದನ್ನು ಅವಳ ಎದುರಿಗೆ ಒಪ್ಪುವುದಿಲ್ಲ. ಶೇಂಗಾ ಚಟ್ನಿ, ಕಟಕ ರೊಟ್ಟಿ ಕಟ್ಟಿ ಕೊಟ್ಟಿದ್ದಾಳೆ, ಕಂಡಕ್ಟರ್ ಕೈಯಿಂದ ಇಸಿದುಕೊಳ್ಳುವಾಗ ಎಣಿಸಬೇಡ, ಅವನು ದಾರಿಯಲ್ಲಿ ಒಂದೆರಡು ತಿನ್ನುತ್ತಾನೆ, ಪಾಪ. ನಿಮ್ಮಪ್ಪ ಅಮ್ಮನಿಗೆ ನಮ್ಮ ಶರಣು, ಕೂಸಿಗೆ ಮುತ್ತು. ನಿನ್ನ ಮೈ, ಮನಸ್ಸು, ದನಿ, ಮೂರೂ ತಣ್ಣಗಿರಲಿ.

ನಿನ್ನ ಮಾವ,
ಗುರುಪಾದಯ್ಯ

ತಾ. ಕ.: ಬಸ್ಸು ಬಿಡುವ ಹೊತ್ತಾಯಿತು, ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟವಾದರೆ ಓದಿಕೋ. ಪೇಟಿ ಇನ್ನೂ ಗುಡಿಯಲ್ಲೇ ತೆರೆದಿದೆ, ಲಕ್ಕವ್ವ ಮುಚ್ಚಗೊಟ್ಟಿಲ್ಲ. ಭಾನುವಾರ ಸಂಜೆ ಊರಿನವರು ಚಹಾ ಮುಗಿಸಿ ಬರುತ್ತಾರಂತೆ. ಪೇಟಿಯ ಎಡಕ್ಕೆ, ನೀನು ಕೂಡುವಲ್ಲಿ, ಬರುವಾಗ ನಾನು ನನ್ನ ಟವೆಲ್ ಹಾಕಿ ಬಂದಿದ್ದೇನೆ. ಬೇರೆಯವರನ್ನು ಕೂಡಿಸಿ ಎಂದಿದ್ದೆಯಲ್ಲ, ನನ್ನ ಸರ್ವಿಸಿನಲ್ಲಿ ಟವೆಲ್ ಹಾಕಿದ ಸೀಟಿಗೆ ನಾನು ಬೇರೆಯವರನ್ನು ಕೂಡಿಸಿದವನಲ್ಲ. ಬೇಗ ಬಂದು ಎತ್ತು. ಇದ್ದದ್ದು ಅದೊಂದೇ ಒಳ್ಳೆಯ ಟವೆಲ್.